ಅವನು ಕಡಲ ತಳಕ್ಕೆ ಯಾಕೆ ಹೋದ?

ಹೋದ ಭಾನುವಾರ ಮಧ್ಯಾಹ್ನ ಬಸವನಗುಡಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಸಿ, ಅದರ ಬೆನ್ನಿಗೆ ನೀಲಿ ಕ್ರೆಯಾನಿನಲ್ಲಿ ಸಮುದ್ರ ಬಳಿದುಕೊಂಡು ಕುಳಿತಿದ್ದೆವು. ಅಕ್ಕನ ಮಗಳು, ಅವಳ ಮೂವರು ಗೆಳತಿಯರು ಮತ್ತು ನಾನು. ಕಥೆ ಕಟ್ಟುವುದು ನನ್ನ ಪಾಲು. ಇಪ್ಪತ್ತು ಮುಖದ ದಾಳ ಉರುಳಿಸಿ, ಆ ಕಥೆಯೊಳಗೆ ಎತ್ತ ಹೋಗಬೇಕು, ಯಾರನ್ನು ನಂಬಬೇಕು ಎಂದು ತೀರ್ಮಾನಿಸುವುದು ಅವರ ಪಾಲು. ಉಪ್ಪಿನ ಡಬ್ಬಿ ದೀಪಸ್ತಂಭವಾಗಿತ್ತು, ಬೋರಲು ಹಾಕಿದ ಸ್ಟೀಲ್ ಲೋಟ ಬಂದರಿನ ಕೋಟೆ. ಮೂರು ರಾತ್ರಿ ಆ ಬಂದರನ್ನು ಕಾಡಿದ ಖಳನಾಯಕ ಕಡಲ ತಳದಲ್ಲಿ ಇರುತ್ತಾನೆ ಎಂದು ಹೇಳಿ, ಮಕ್ಕಳು ಬೆದರುತ್ತಾರೆಂದು ಕಾದೆ. ಹನ್ನೆರಡು ವರ್ಷದ ನಮ್ಮ ಹುಡುಗಿ ದಾಳವನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಕೇಳಿದಳು: "ಮಾಮ, ಅವನು ಅಲ್ಲಿಗೆ ಯಾಕೆ ಹೋದ?"

"ಯಾರ ಕೈಗೂ ಸಿಗಬಾರದು ಅಂತ" ಎಂದೆ.

"ಹಾಗಿದ್ದರೆ ಗುಹೆ ಸಾಕಲ್ಲವೇ?"

ಆ ಪ್ರಶ್ನೆ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅವಳು 'ಯಾಕೆ ಇದ್ದಾನೆ' ಎಂದು ಕೇಳಲಿಲ್ಲ, 'ಯಾಕೆ ಹೋದ' ಎಂದು ಕೇಳಿದಳು. ಇದ್ದಾನೆ ಎಂಬುದಕ್ಕೆ ನನ್ನ ಬಳಿ ಬೇಕಾದಷ್ಟು ಉತ್ತರಗಳಿದ್ದವು. ಹೋದ ಎಂಬುದಕ್ಕೆ ಒಂದೂ ಇರಲಿಲ್ಲ.

ಇದ್ದ ಉತ್ತರಗಳು ಕಳಪೆಯೇನೂ ಅಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಾಗಲೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 200 ಮೀಟರ್ ದಾಟಿದರೆ ಬೆಳಕು ಹೆಸರಿಗಷ್ಟೇ, 1,000 ಮೀಟರ್ ಆದ ಮೇಲೆ ಅದೂ ಇಲ್ಲ. ಅಲ್ಲಿಗೆ ಸೈನ್ಯ ನುಗ್ಗಲಾರದು, ಪಂಜು ಉರಿಯದು, ಬಾಣ ಹಾರದು. ವೀರನಿಗೆ ಮಾನ ಕೊಡುವ ಕವಚವೇ ಅವನನ್ನು ಮುಳುಗಿಸುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ನೀರಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ; ಹುಟ್ಟು ಹಾಕುವ ಸದ್ದು ದೋಣಿಗಿಂತ ಎಷ್ಟೋ ಮೊದಲೇ ಅವನನ್ನು ಮುಟ್ಟುತ್ತದೆ. ಇನ್ನು ನಮ್ಮ ಕರಾವಳಿಯನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆ ನಿಂತು, ಮೊಗವೀರರು ಸಮುದ್ರಪೂಜೆ ಮಾಡಿ ಹಾಲೆರೆದ ಮೇಲೆಯೇ ಮೀನುಗಾರಿಕೆಗೆ ಕಳೆ. ಈ ಎರಡು ತಿಂಗಳನ್ನು ನಾನು ಆಟದೊಳಗೆ ತಂದಿದ್ದೇನೆ. ಕಡಲು ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ ದಡದಲ್ಲಿ ಏನು ಅನಾಹುತವಾದರೂ ಬೆನ್ನಟ್ಟಿ ಹೋಗಲು ದೋಣಿ ಸಿಗುವುದಿಲ್ಲ.

ಆದರೆ ಇವೆಲ್ಲ ಕೋಟೆಯ ಗುಣಗಳು. ಕೋಟೆ ಎಷ್ಟು ಗಟ್ಟಿ ಎಂದು ಹೇಳಿದ ಮಾತ್ರಕ್ಕೆ ಒಳಗಿರುವವನು ಯಾರೆಂದು ಗೊತ್ತಾಗುವುದಿಲ್ಲ.

ನಾನು ಆಡಿದ, ನೋಡಿದ ಎಷ್ಟೋ ಆಟಗಳಲ್ಲಿ ಸಮುದ್ರವೆಂದರೆ ಬಣ್ಣ ಬದಲಿಸಿದ ಗುಹೆ, ಅಷ್ಟೇ. ಗೋಡೆಗೆ ಹವಳ, ಕಾವಲಿಗೆ ಏಡಿ, ಸಿಂಹಾಸನದ ಮೇಲೆ ಮೀಸೆಯ ಬದಲು ಬಳುಕುವ ಬಾಹುಗಳು. 1974ರಲ್ಲಿ ಮೊದಲು ಅಚ್ಚಾದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ, ನಮ್ಮದರಂತೆಯೇ ಕಥೆ ಕಟ್ಟಿ ದಾಳ ಉರುಳಿಸುವ ಆಟದ ಬಳಗದಲ್ಲಿ ಅಬೋಲೆತ್ ಎಂಬ ಜಲಜೀವಿಯೊಂದಿದೆ. ಅದು ಯಾವುದನ್ನೂ ಮರೆಯುವುದಿಲ್ಲ. ದೇವರುಗಳು ಬರುವ ಮೊದಲು ಲೋಕ ತನ್ನದಾಗಿತ್ತು ಎಂಬುದು ಅದಕ್ಕೆ ನಿನ್ನೆಯ ಸಂಗತಿಯಂತೆ ನೆನಪಿದೆ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟದ ರಾಣಿ ಅಜ್ಶಾರಾಳಂತೂ ತನ್ನ ರಾಜಧಾನಿಯೊಡನೆಯೇ ಮುಳುಗಿದವಳು. ಈ ಇಬ್ಬರೂ ನನಗೆ ಇಷ್ಟ. ಕಾರಣವಿಷ್ಟೇ: ಅವರು ಕಡಲನ್ನು ಬಾಡಿಗೆಗೆ ಹಿಡಿದವರಲ್ಲ. ಕಡಲಿಲ್ಲದೆ ಅವರ ಕಥೆಯೇ ಇಲ್ಲ.

ನಮ್ಮಲ್ಲಿ ಈ ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. ವೃತ್ರಾಸುರನು ಸತ್ತ ಮೇಲೆ ಅವನ ಕಡೆಯ ದಾನವರಾದ ಕಾಲಕೇಯರು ಓಡಿ ಬಂದು ಅಡಗಿದ್ದು ಸಮುದ್ರದಲ್ಲೇ. ಹಗಲು ನೀರಿನೊಳಗೆ, ರಾತ್ರಿ ಆಶ್ರಮಗಳ ಮೇಲೆ. ಲೋಕ ನಿಂತಿರುವುದು ತಪಸ್ಸಿನ ಮೇಲೆ, ಆದ್ದರಿಂದ ತಪಸ್ವಿಗಳನ್ನು ಮುಗಿಸಿದರೆ ಲೋಕ ತಾನಾಗಿ ಬೀಳುತ್ತದೆ ಎಂಬುದು ಅವರ ಲೆಕ್ಕಾಚಾರ. ದೇವತೆಗಳಿಗೆ ಬೇರೆ ದಾರಿ ಕಾಣಲಿಲ್ಲ, ಅಗಸ್ತ್ಯರ ಮೊರೆ ಹೊಕ್ಕರು. ಅಗಸ್ತ್ಯರು ಸಮುದ್ರವನ್ನೇ ಕುಡಿದುಬಿಟ್ಟರು. ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ಮಂಗಳ ಹಾಡುತ್ತಾರೆ. ನನಗೆ ಮುಂದಿನದೇ ಮುಖ್ಯ. ಕಾಲಕೇಯರನ್ನು ಕೊಂದ ಮೇಲೆ ದೇವತೆಗಳು ಬಂದು, ಇನ್ನು ನೀರನ್ನು ಬಿಡಿ ಎಂದು ಬೇಡಿದರು. ಅದು ಆಗಲೇ ಜೀರ್ಣವಾಯಿತು, ಬೇರೆ ಉಪಾಯ ನೋಡಿಕೊಳ್ಳಿ ಎಂದರು ಅಗಸ್ತ್ಯರು. ಭಗೀರಥ ಗಂಗೆಯನ್ನು ತರುವವರೆಗೆ ಕಡಲು ಬರಿದಾಗಿಯೇ ಉಳಿಯಿತು. ಇಷ್ಟಾದರೂ ಕಾಲಕೇಯರಲ್ಲಿ ಕೆಲವರು ನೆಲ ಸೀಳಿಕೊಂಡು ಪಾತಾಳಕ್ಕೆ ಇಳಿದು ತಪ್ಪಿಸಿಕೊಂಡಿದ್ದರು. ಕಡಲ ತಳದ ವೈರಿಯನ್ನು ಹಿಡಿಯಲು ಕಡಲನ್ನೇ ಕಳೆದುಕೊಳ್ಳಬೇಕು, ಕಳೆದುಕೊಂಡರೂ ಅವನು ಪೂರ್ತಿ ಸಿಗುವುದಿಲ್ಲ. ಆಟದ ಮೇಜಿನ ಮುಂದೆ ಕೂತ ಮಕ್ಕಳಿಗೆ ಇದಕ್ಕಿಂತ ಕಠಿಣವಾದ ಆಯ್ಕೆ ಯಾವುದಿದೆ? ನೀರು ಬತ್ತಿಸುವ ಮಂತ್ರ ಕೈಯಲ್ಲಿದೆ. ಬಲೆ ಹೊತ್ತು ದಡದಲ್ಲಿ ನಿಂತವರಿಗೆ ಏನು ಹೇಳುತ್ತೀರಿ?

ರನ್ನನ ದುರ್ಯೋಧನನನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಅವನು ಇಳಿದದ್ದು ಸಮುದ್ರಕ್ಕಲ್ಲ, ವೈಶಂಪಾಯನ ಸರೋವರಕ್ಕೆ. ಆದರೂ ದಡದ ಮೇಲೆ ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದೂ ಬೆವರಿದವನು ಅವನು. ಶಾಲೆಯಲ್ಲಿ ಮೇಷ್ಟರು ಆ ಪದ್ಯ ಓದಿದಾಗ ನನ್ನ ಅಂಗೈ ಒದ್ದೆಯಾಗಿತ್ತು. ನೀರು ಅವನನ್ನು ಮರೆಮಾಡಿತು, ಆರಿಸಲಿಲ್ಲ.

ಆರದ ಬೆಂಕಿಯೆಂದರೆ ಬಡಬಾಗ್ನಿ. ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನಗೆ ಅಲ್ಲಿಯೇ. ಧನದ ಆಸೆಗೆ ಬಿದ್ದ ಕ್ಷತ್ರಿಯರು ಭೃಗುವಂಶದವರನ್ನು ಗರ್ಭದ ಶಿಶುಗಳನ್ನೂ ಬಿಡದೆ ಕೊಂದರು. ಒಬ್ಬ ತಾಯಿ ತನ್ನ ಮಗುವನ್ನು ತೊಡೆಯಲ್ಲಿ ಬಚ್ಚಿಟ್ಟು ಕಾಪಾಡಿದಳು. ಆ ಮಗುವೇ ಔರ್ವ. ಅವನ ಕೋಪ ಲೋಕಗಳನ್ನೇ ಸುಡಲು ಹೊರಟಿತು. ಪಿತೃಗಳು ಬಂದು, ಇದು ಬೇಡ ಮಗು ಎಂದರು. ಔರ್ವ ಹೇಳಿದ್ದು ನ್ಯಾಯವಾದ ಮಾತು: ಹುಟ್ಟಿದ ಕೋಪಕ್ಕೆ ಎಡೆ ಕೊಡದಿದ್ದರೆ ಅದು ನನ್ನನ್ನೇ ಸುಡುತ್ತದೆ. ಆಗ ಪಿತೃಗಳು ಅದನ್ನು ಸಮುದ್ರಕ್ಕೆ ಬಿಡು ಎಂದರು. ಅವನು ಬಿಟ್ಟ. ಅದು ಕುದುರೆಯ ಮುಖ ಹೊತ್ತು ಇಂದಿಗೂ ಅಲ್ಲಿ ನೀರನ್ನು ಕುಡಿಯುತ್ತ ಉರಿಯುತ್ತಿದೆ ಎನ್ನುತ್ತದೆ ಕಥೆ.

ಗಮನಿಸಿ, ಆ ಕೋಪ ತಾನಾಗಿ ಕಡಲಿಗೆ ಹೋಗಲಿಲ್ಲ. ಮೇಲಿನವರು ನೆಮ್ಮದಿಯಾಗಿ ಇರಬೇಕೆಂದು ಅದನ್ನು ಅಲ್ಲಿಗೆ ಕಳುಹಿಸಲಾಯಿತು. ಅನ್ಯಾಯ ನಡೆದದ್ದು ನೆಲದ ಮೇಲೆ, ಬೆಂಕಿ ಇಟ್ಟದ್ದು ನೀರಿನ ಕೆಳಗೆ.

ಇದು ಪುರಾಣಕ್ಕೆ ಮಾತ್ರ ಸೇರಿದ್ದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉಳಿದ ವಿಷಾನಿಲದ ಬಾಂಬುಗಳನ್ನು ಏನು ಮಾಡುವುದೆಂದು ತಿಳಿಯದೆ, ಬಾಲ್ಟಿಕ್ ಸಮುದ್ರದಲ್ಲಿ ಬಾರ್ನ್‌ಹೋಮ್ ದ್ವೀಪದ ಬಳಿ ಸಾವಿರಾರು ಟನ್ ಸುರಿದರು. ಕಬ್ಬಿಣ ತುಕ್ಕು ಹಿಡಿಯಿತು, ಒಳಗಿನ ಸಾಸಿವೆ ಅನಿಲ ಗಟ್ಟಿಯಾಗಿ ಉಂಡೆ ಕಟ್ಟಿತು. ಯುದ್ಧದ ಮುಖವನ್ನೇ ನೋಡದ ಬೆಸ್ತರ ಬಲೆಗೆ ಆ ಉಂಡೆಗಳು ಸಿಕ್ಕಿ, ಮುಟ್ಟಿದ ಕೈ ಸುಟ್ಟವು. ಅಣುತ್ಯಾಜ್ಯವನ್ನು ಕೂಡ 1946ರಿಂದ ದಶಕಗಳ ಕಾಲ ಸಮುದ್ರಕ್ಕೆ ಇಳಿಸಿದ್ದಾರೆ. 1993ರಲ್ಲಿ ಅದಕ್ಕೆ ಪೂರ್ಣ ನಿಷೇಧ ಬಂತು. ಭೂಮಿಯ ಅತ್ಯಂತ ಆಳದ ಮರಿಯಾನಾ ಕಂದಕದಲ್ಲಿ 10,000 ಮೀಟರಿಗೂ ಕೆಳಗೆ ಪ್ಲಾಸ್ಟಿಕ್ ಚೀಲ ಕಂಡಿದೆ. ಬೆಳಕಿಲ್ಲದ ಆ ಲೋಕದ ಹೆಚ್ಚಿನ ಜೀವಿಗಳ ಆಹಾರವೇ ಮೇಲಿನಿಂದ ಹಗಲಿರುಳು ಉದುರುವ ಸತ್ತ ಜೀವಿಗಳ ಚೂರುಗಳು. ಕೆಳಗಿರುವವನು ನಾವು ಬಿಟ್ಟದ್ದನ್ನು ತಿಂದು ಬೆಳೆಯುತ್ತಾನೆ.

ಬೆಂಗಳೂರಿನಲ್ಲಿ ಕುಳಿತು ಕಡಲಿನ ಮಾತೇಕೆ ಎಂದು ಗೆಳೆಯರೊಬ್ಬರು ಕೇಳಿದರು. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ಊರು ನಮ್ಮದು, ನಿಜ. ಆದರೆ ಈ ಊರನ್ನು ಕಟ್ಟಿದವರು ತಮ್ಮ ಕೆರೆಗಳನ್ನು ಕಡಲೆಂದೇ ಕರೆದರು: ಕೆಂಪಾಂಬುಧಿ, ಧರ್ಮಾಂಬುಧಿ. ಅಂಬುಧಿ ಎಂದರೆ ಸಮುದ್ರ. ಕೆಂಪಾಂಬುಧಿ ಇನ್ನೂ ಉಳಿದಿದೆ. ಧರ್ಮಾಂಬುಧಿಯ ಮೇಲೆ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಮಾತ್ರ ಆ ಏರಿ ಉಳಿದುಕೊಂಡಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗ ಉತ್ಸವದ ವಿಧಿಗಳಿಗೆಂದು ಒಂದು ಪುಟ್ಟ ಹೊಂಡವಷ್ಟೇ ಇದೆ. ಅಗಸ್ತ್ಯರು ಕುಡಿದ ಕಡಲಿಗೆ ಭಗೀರಥನಾದರೂ ಬಂದ, ಧರ್ಮಾಂಬುಧಿಗೆ ಯಾರೂ ಬರಲಿಲ್ಲ. ಜೋರು ಮಳೆಯಲ್ಲಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ, ಕಾಲಡಿಯ ನೀರು ತನ್ನ ಹಳೆಯ ಮನೆಯನ್ನು ಹುಡುಕುತ್ತಿದೆ ಎಂದೇ ನನಗೆ ಅನಿಸುತ್ತದೆ.

ಇನ್ನೊಂದು ನನ್ನ ಮನೆಯದೇ ಮಾತು. ನನ್ನ ಅಜ್ಜಿ, ತಾಯಿಯ ತಾಯಿ, ಶರಾವತಿ ಕೊಳ್ಳದವರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅವರದೂ ಒಂದು. ಆ ಕಡೆಯವರು ಇಂದಿಗೂ 'ಮುಳುಗಡೆ' ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಅದಕ್ಕೂ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿದೆ, ಬೇಸಿಗೆಯಲ್ಲಿ ನೀರು ತಗ್ಗಿದಾಗ ತಲೆ ಎತ್ತುತ್ತದೆ. ಅಜ್ಜಿಯ ಮನೆಯವರು ಹೆಂಚು ಇಳಿಸಿ, ಮುಂಬಾಗಿಲನ್ನು ಕಳಚಿ ಗಾಡಿಗೆ ಹೇರಿದರು. ಹೊಸಿಲು ಮಾತ್ರ ಮಣ್ಣಿನಲ್ಲಿ ಕಚ್ಚಿಕೊಂಡಿತ್ತು, ಬರಲಿಲ್ಲ. ಆ ಬಾಗಿಲು ಮುಂದೆ ಬೆಂಗಳೂರಿಗೂ ಬಂತು, ಈಗಲೂ ನಮ್ಮ ಮನೆಯ ಮುಂಬಾಗಿಲು ಅದೇ. ಪ್ರತಿ ಶುಕ್ರವಾರ ಹೊಸಿಲು ತೊಳೆದು ಅರಿಸಿನ ಹಚ್ಚುವಾಗ ಅಜ್ಜಿ "ಇದು ಆ ಬಾಗಿಲಿನ ಹೊಸಿಲಲ್ಲ" ಎನ್ನುತ್ತಿದ್ದರು. ಸಿಟ್ಟಿನಿಂದ ಅಲ್ಲ, ದಿನದ ಸಮಾಚಾರ ಹೇಳುವ ಹಾಗೆ. ಅವರ ತಲೆಯ ಮೇಲೆ ಉರಿಯುತ್ತಿದ್ದ ದೀಪ ಶರಾವತಿಯ ವಿದ್ಯುತ್ತಿನದು.

ಹಾಗಾಗಿ ನನ್ನ ಖಳನಾಯಕನನ್ನು ಈ ವಾರ ಮೊದಲಿನಿಂದ ಬರೆದಿದ್ದೇನೆ. ಹೆಸರು ಮುಳುಗಡೆಯ ದೊರೆ. ಅವನು ಸಮುದ್ರಕ್ಕೆ ಹೋಗಲಿಲ್ಲ, ಸಮುದ್ರವನ್ನು ಅವನ ಮೇಲೆ ತರಲಾಯಿತು. ಬಂದರಿಗೆ ಆಳವಾದ ನೀರು ಬೇಕೆಂದು ಮುತ್ತಾತಂದಿರು ಒಂದು ತಗ್ಗು ನಾಡಿನ ಏರಿಯನ್ನು ಒಡೆದರು. ಮೂವತ್ತು ಹಳ್ಳಿ ಮುಳುಗಿದವು. ಹಡಗುಗಳು ಬಂದವು, ಊರು ಶ್ರೀಮಂತವಾಯಿತು, ಹಳ್ಳಿಗಳ ಹೆಸರನ್ನು ನಕ್ಷೆಯಿಂದ ಅಳಿಸಲಾಯಿತು.

ಹೀಗೆ ಮಾಡಿದರೆ ಖಳ ಮೆತ್ತಗಾಗುತ್ತಾನೆ, ಅವನ ಮೇಲೆ ಕನಿಕರ ಹುಟ್ಟಿದರೆ ಆಟಗಾರರ ಕೈ ಕತ್ತಿಗೆ ಹೋಗುವುದಿಲ್ಲ ಎಂಬ ಆಕ್ಷೇಪ ನನಗೆ ಗೊತ್ತು. ನಾನು ಒಪ್ಪುವುದಿಲ್ಲ. ಮುಳುಗಡೆಯ ದೊರೆ ದೋಣಿಗಳನ್ನು ಮಗುಚುತ್ತಾನೆ. ಆ ದೋಣಿಗಳಲ್ಲಿ ಏರಿ ಒಡೆದವರು ಇಲ್ಲ, ಅವರ ಮರಿಮಕ್ಕಳಿದ್ದಾರೆ. ಬಾಲ್ಟಿಕ್ಕಿನ ಬೆಸ್ತರಂತೆ, ಏನೂ ಅರಿಯದವರು. ಅವನು ಮಾಡುತ್ತಿರುವುದು ಕೊಲೆ, ಅದನ್ನು ನಿಲ್ಲಿಸಲೇಬೇಕು. ಆದರೆ ಅವನನ್ನು ನಿಲ್ಲಿಸಲು ಹೊರಟವಳು, ತಾನು ಕಾಪಾಡುತ್ತಿರುವ ಬಂದರು ಯಾರ ಮನೆಗಳ ಮೇಲೆ ನಿಂತಿದೆ ಎಂದು ತಿಳಿದೇ ಇಳಿಯಬೇಕು. ಅದು ತಿಳಿದ ಮೇಲೂ ಕತ್ತಿ ಎತ್ತುವುದು ಕಷ್ಟ. ಅಂಥ ಕಷ್ಟ ಕೊಡದ ಕಥೆಯನ್ನು ಆ ಮಕ್ಕಳಿಗೆ ಹೇಳಲು ನನಗೆ ಮನಸ್ಸಿಲ್ಲ.

ನಿನ್ನೆ ಸಂಜೆ ಇದಿಷ್ಟನ್ನು ಅಕ್ಕನ ಮಗಳಿಗೆ ಹೇಳಿದೆ. ಅವಳು ಕ್ಯಾಲೆಂಡರ್ ಹಾಳೆಯನ್ನು ಹರವಿ, ನೀಲಿಯ ಮೇಲೆ ಪೆನ್ಸಿಲ್ ಒತ್ತಿ ಪುಟ್ಟ ಪುಟ್ಟ ಮನೆಗಳನ್ನು ಬರೆಯತೊಡಗಿದಳು. ಮೇಣದ ಮೇಲೆ ಗೆರೆ ಸರಿಯಾಗಿ ಮೂಡುತ್ತಿರಲಿಲ್ಲ, ಮತ್ತೆ ಮತ್ತೆ ತಿದ್ದಿದಳು. ಹನ್ನೊಂದು ಮನೆ ಆದ ಮೇಲೆ ತಲೆ ಎತ್ತಿ, "ಅವನಿಗೆ ಈಗ ಏನು ಬೇಕು ಮಾಮ? ಕೇಳಿದರೆ ಏನು ಕೇಳುತ್ತಾನೆ?" ಎಂದಳು.

ರಾಜ್ಯ, ಚಿನ್ನ, ಪ್ರತೀಕಾರ ಎಂದು ಬರೆಯಲು ಕೈ ಬರುತ್ತಿಲ್ಲ. ಮುಳುಗಿದ ಮನೆಯಲ್ಲಿ ಬಿಟ್ಟು ಬಂದದ್ದನ್ನೇ ಅವನು ಕೇಳಲಿ ಎನಿಸುತ್ತದೆ. ಅಂಥದ್ದರಲ್ಲಿ ನನಗೆ ಗೊತ್ತಿರುವುದು ಅಜ್ಜಿಯ ಹೊಸಿಲು ಒಂದೇ. ಮೂವತ್ತು ಹಳ್ಳಿಗೆ ಒಂದು ಸಾಲದು. ಶರಾವತಿಯಾಗಲಿ, ಕೃಷ್ಣೆಯಾಗಲಿ, ಕಾಳಿಯಾಗಲಿ, ಮುಳುಗಡೆಯ ಊರುಗಳಿಂದ ಬಂದ ಮನೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಹಿರಿಯರು ತರಲಾಗದೆ ಬಿಟ್ಟು ಬಂದು ಇಂದಿಗೂ ನೆನೆಯುವ ಒಂದು ವಸ್ತು ಯಾವುದೆಂದು ಬರೆಯಿರಿ. ಹೆಸರು ಬೇಡ, ವಸ್ತು ಸಾಕು. ಭಾನುವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಆಟ.