ಅತ್ತೆಗೊಂದು ಮಣೆ

ಕಳೆದ ತಿಂಗಳು ಪುಣೆಯ ಕೋಥರೂಡಿನಲ್ಲಿ, ನಮ್ಮ ಪಕ್ಕದ ಮನೆಯ ಬಾರಸೆಗೆ ಬಂದಿದ್ದ ಐವತ್ತು ಜನ ಒಂದೂವರೆ ಗಂಟೆ ಸುಮ್ಮನೆ ಕಾದು ಕುಳಿತರು. ಬಾರಸೆ ಎಂದರೆ ಮರಾಠಿಗರು ಮಗುವನ್ನು ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ತೊಟ್ಟಿಲಿಗೆ ಹೂವು ಕಟ್ಟಿಯಾಗಿತ್ತು, ಮಗು ಎರಡು ಸಲ ಎದ್ದು ಅತ್ತು ಮತ್ತೆ ಮಲಗಿಯಾಗಿತ್ತು, ಆದರೂ ಯಾರೊಬ್ಬರೂ ಗಡಿಯಾರ ನೋಡಲಿಲ್ಲ. ನಾಸಿಕದಿಂದ ಬಸ್ಸಿನಲ್ಲಿ ಹೊರಟಿದ್ದ ಮಗುವಿನ ‘ಆತ್ಯಾ’, ಅಂದರೆ ಸೋದರತ್ತೆ, ಇನ್ನೂ ದಾರಿಯಲ್ಲಿದ್ದಳು. ಅವಳು ಬಂದಳು, ನೀರು ಕುಡಿದಳು, ಸೆರಗು ಸರಿಮಾಡಿಕೊಂಡು ತೊಟ್ಟಿಲ ಪಕ್ಕದಲ್ಲಿ ತನಗಾಗಿಯೇ ಹಾಕಿದ್ದ ಮಣೆಯ ಮೇಲೆ ಕುಳಿತು ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರಿದಳು. ಸುತ್ತಲಿದ್ದ ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಆಮೇಲೆಯೇ ನಮಗೆಲ್ಲ ಬೇಯಿಸಿದ ಕಡಲೆಯ ಘುಗರಿ ಸಿಕ್ಕಿದ್ದು.

ಒಂದು ಮನೆಯ ಶುಭಕಾರ್ಯ ಅತ್ತೆಗಾಗಿ ಕಾಯುವುದನ್ನು ನಾನು ನನ್ನ ಐವತ್ತೈದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನೋಡಿದೆ. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಯಾವಾಗಲೂ ಕಾಯುತ್ತಿದ್ದವಳು ಅತ್ತೆ: ಹಂಡೆಯ ನೀರು ಕಾಯಲೆಂದು, ಆಳುಗಳು ಬರಲೆಂದು, ಶಾಲೆಯಿಂದ ನಾವು ಬರಲೆಂದು, ಕೊನೆಯ ಪಂಕ್ತಿ ಏಳಲೆಂದು. ಅತ್ತೆಯನ್ನು ನಾವು ಏಕವಚನದಲ್ಲೇ ಕರೆದು ಬೆಳೆದವರು. ಬರವಣಿಗೆಯ ಮರ್ಯಾದೆಗೆಂದು ಈಗ ಬಹುವಚನ ಹಚ್ಚಿದರೆ ಓದಿ ಹೇಳಿದಾಗ ಅವಳಿಗೇ ಗುರುತು ಹತ್ತಲಾರದು.

ಅವಳ ಮದುವೆಯಾದದ್ದು ಶರಾವತಿ ಕಣಿವೆಯ ಒಂದು ಮನೆಗೆ. ಮದುವೆಯ ಮರುವರ್ಷ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಮನೆಯೂ ತೋಟವೂ ಹಿನ್ನೀರಿನ ಪಾಲಾದವು. ಬೇರೆ ಕಡೆ ಕೊಟ್ಟ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಇನ್ನೇನು ಅಡಿಕೆ ಸಸಿ ನೆಡಬೇಕು ಎನ್ನುವಷ್ಟರಲ್ಲಿ ಮಾವ ತೀರಿಕೊಂಡರು. ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದು ತವರಿಗೆ ಬಂದ ಇಪ್ಪತ್ತೇಳರ ಅತ್ತೆ ಅಲ್ಲಿಂದ ಮುಂದೆ ನಮ್ಮ ಮನೆಯನ್ನು ನಡೆಸಿದಳು. ‘ಸಹಾಯಕ್ಕಿದ್ದಳು’ ಎಂದೇ ಊರವರು ಹೇಳುತ್ತಿದ್ದರು, ನಮ್ಮ ಮನೆಯವರೂ ಅದನ್ನೇ ಹೇಳಿಕೊಂಡು ಬಂದರು, ಅದು ಸುಳ್ಳು. ಕೊಯ್ಲಿನ ದಿನಗಳಲ್ಲಿ ರಾತ್ರಿ ಅಂಗಳದ ತುಂಬ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವವರು ಕುಳಿತಿರುತ್ತಿದ್ದರು. ಯಾರು ಎಷ್ಟು ಡಬ್ಬ ಸುಲಿದರೆಂಬ ಲೆಕ್ಕ ಅಪ್ಪನ ಪುಸ್ತಕದಲ್ಲಿ ಇರುತ್ತಿರಲಿಲ್ಲ, ಬಚ್ಚಲ ಗೋಡೆಯ ಮೇಲೆ ಅತ್ತೆ ಇದ್ದಿಲಿನಲ್ಲಿ ಎಳೆದ ಗೀಟುಗಳಲ್ಲಿ ಇರುತ್ತಿತ್ತು. ತಕರಾರು ಬಂದರೆ ಅಪ್ಪ ಪುಸ್ತಕ ಮುಚ್ಚಿಟ್ಟು ಬಚ್ಚಲಿಗೆ ಹೋಗಿ ನೋಡಿ ಬರುತ್ತಿದ್ದ.

ಸೋದರತ್ತೆ ಹೆಸರು ಉಸುರುವ ಶಾಸ್ತ್ರ ನಮ್ಮಲ್ಲಿ ಇಲ್ಲವೆಂದಲ್ಲ. ಇದೆ. ಅದಕ್ಕೇ ಈ ಹೊಟ್ಟೆಯುರಿ. 1977ರಲ್ಲಿ ನನ್ನ ತಮ್ಮ ಹುಟ್ಟಿದ. ಅಮ್ಮನಿಗೆ ತವರಿನಲ್ಲಿ ನೋಡಿಕೊಳ್ಳುವವರು ಇರಲಿಲ್ಲವಾದ್ದರಿಂದ ಬಾಣಂತನವೆಲ್ಲ ನಮ್ಮಲ್ಲೇ, ಅತ್ತೆಯ ಕೈಯಲ್ಲೇ ಆಯಿತು. ಕೂಸನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುವಾಗ ಅವಳು ಆಗಲೇ ಆ ಹೆಸರು ಹಿಡಿದು ಕೂಗುತ್ತಿದ್ದಳು. ಆದರೆ ತೊಟ್ಟಿಲು ಶಾಸ್ತ್ರದ ದಿನ, ಕುಂಕುಮವಿಲ್ಲದ ಅತ್ತೆಯನ್ನು ಕರೆಯುವುದು ಯಾರ ಮನಸ್ಸಿಗೂ ಹೊಳೆಯಲಿಲ್ಲ. ಅಪ್ಪನಿಗೆ ದೂರದಿಂದ ತಂಗಿಯಾಗಬೇಕಾದ, ನಾನು ಹಿಂದೆ ಮುಂದೆ ಕಂಡಿರದ ಮುತ್ತೈದೆಯೊಬ್ಬರನ್ನು ಮಣೆಯ ಮೇಲೆ ಕೂರಿಸಿದರು. ಏಳು ವರ್ಷದ ನಾನು ತೊಟ್ಟಿಲಿನ ಕಾಲು ಹಿಡಿದು ನಿಂತಿದ್ದೆ. ಆಕೆ ಮಗುವಿನ ಕಿವಿಗೆ ಬಾಗಿದವರು ಹಾಗೆಯೇ ನಿಂತುಬಿಟ್ಟರು, ಹೆಸರು ಮರೆತುಹೋಗಿತ್ತು. ತಲೆಯೆತ್ತಿ ಅತ್ತ ಇತ್ತ ನೋಡಿದರು. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಪಾಯಸದ ಸೌಟು ಹಿಡಿದಿದ್ದ ಅತ್ತೆ ಮೆಲ್ಲಗೆ ಹೆಸರು ಹೇಳಿದಳು, ಆಕೆ ಅದನ್ನು ಕೇಳಿ ಕಿವಿಯಲ್ಲಿ ಉಸುರಿದರು. ನೆರೆದವರೆಲ್ಲ ನಕ್ಕರು. ಅತ್ತೆಯೂ ನಕ್ಕಳು. ಅವಳು ಹೊಸ್ತಿಲು ದಾಟಿ ಈಚೆ ಬರಲಿಲ್ಲ ಎಂಬುದು ನನಗೆ ಅರ್ಥವಾಗಲು ಪುಣೆಯ ಒಂದು ಬಾರಸೆ ಬೇಕಾಯಿತು.

ನಮ್ಮ ಭಾಷೆಯೇ ಅವಳಿಗೆ ಪ್ರತ್ಯೇಕ ಜಾಗ ಕೊಟ್ಟಿಲ್ಲವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಮರಾಠಿಯಲ್ಲಿ ಅಪ್ಪನ ತಂಗಿ ಆತ್ಯಾ, ಸೋದರಮಾವನ ಹೆಂಡತಿ ಮಾಮಿ, ಗಂಡನ ತಾಯಿ ಸಾಸು. ನಾವು ಮೂವರನ್ನೂ ಅತ್ತೆ ಎಂಬ ಒಂದೇ ಗೂಟಕ್ಕೆ ಕಟ್ಟಿದ್ದೇವೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎನ್ನುವಾಗಿನ ಅತ್ತೆ ಗಂಡನ ತಾಯಿಯೇ ಹೊರತು ನನ್ನ ಅತ್ತೆಯಲ್ಲ, ಅವಳ ಕಾಲ ಯಾವುದೆಂದು ಗಾದೆ ಹೇಳುವುದಿಲ್ಲ.

2009ರಲ್ಲಿ ಅಪ್ಪ ಚಿಕ್ಕಪ್ಪಂದಿರ ನಡುವೆ ಹಿಸ್ಸೆಯಾಯಿತು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕೆಂದು 2005ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಿದ್ದರಿಂದ ಅತ್ತೆಯ ಸಹಿಯಿಲ್ಲದೆ ಮುಂದುವರಿಯಲು ಯಾರಿಗೂ ಧೈರ್ಯವಿರಲಿಲ್ಲ. ಅವಳು ಮದುವೆ ಮನೆಗೆ ಉಡುವ ಸೀರೆ ಉಟ್ಟು ನೋಂದಣಿ ಕಚೇರಿಗೆ ಬಂದು, ಹಕ್ಕು ಬಿಡುಗಡೆ ಪತ್ರದ ಪ್ರತಿ ಹಾಳೆಗೂ ನಿಧಾನವಾಗಿ ಸಹಿ ಹಾಕಿದಳು. ನಾನೂ ಪುಣೆಯಿಂದ ಹೋಗಿದ್ದೆ, ಪಕ್ಕದಲ್ಲಿ ನಿಂತು ಪುಟ ತಿರುವಿದವನೂ ನಾನೇ. ಹಳ್ಳದ ದಂಡೆಯ ಅಪ್ಪೆ ಮಾವಿನಮರದ ಮಿಡಿ ತಾನಿರುವವರೆಗೆ ತನಗಿರಲಿ ಎಂಬುದೊಂದನ್ನು ಬಿಟ್ಟು ಅವಳು ಬೇರೇನೂ ಕೇಳಲಿಲ್ಲ. ಪತ್ರದಲ್ಲಿ ಅದನ್ನು ಯಾರೂ ಬರೆಸಲಿಲ್ಲ, ಬಾಯಿಮಾತಿನಲ್ಲೇ ಮುಗಿಯಿತು.

ಆ ಮರದ ಮಿಡಿಯನ್ನು ಇಂದಿಗೂ ಅವಳ ಕಣ್ಣೆದುರೇ ಇಳಿಸಬೇಕು. ತೊಟ್ಟು ಮುರಿದ ಮಿಡಿ ಸೊನೆ ಕಳೆದುಕೊಂಡು ಕೆಡುತ್ತದೆಂದು ಒಂದೊಂದನ್ನೂ ತಿರುಗಿಸಿ ನೋಡಿ ಬೇರೆ ಮಾಡುತ್ತಾಳೆ. ಹರಳುಪ್ಪಿನಲ್ಲಿ ಮಿಡಿ ಸುಕ್ಕುಗಟ್ಟುವವರೆಗೆ ಕಾದು, ಬಿಟ್ಟುಕೊಂಡ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ ಮೆಣಸು ರುಬ್ಬಿ ಸೇರಿಸಿದ ಮೇಲೆ ಉಪ್ಪಿನಕಾಯಿ ಹಂಚಿಕೆಯಾಗುತ್ತದೆ: ಸಹಿ ಹಾಕಿಸಿಕೊಂಡವರ ಮಕ್ಕಳೆಲ್ಲರಿಗೂ ಒಂದೊಂದು ಭರಣಿ, ಬೆಂಗಳೂರಿಗೆ, ಮುಂಬೈಗೆ, ನನಗೆ. ನಾವು ಅಣ್ಣತಮ್ಮಂದಿರು ಹಿಸ್ಸೆಯಾದ ಮೇಲೂ ಮಾತು ಬಿಡದೆ ಉಳಿದದ್ದು ಈ ಭರಣಿಗಳಿಂದ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗನಿಸುವಂತೆ ಅತ್ತೆಯ ಇನ್ನೊಂದು ಕಟ್ಟಳೆಯಿಂದ. ಊಟದ ಮಧ್ಯೆ ಜಗಳ ಎದ್ದರೆ ಯಾರೂ ಎಲೆ ಬಿಟ್ಟು ಏಳುವಂತಿರಲಿಲ್ಲ. “ಮಜ್ಜಿಗೆ ಅನ್ನ ಉಂಡು ಆಮೇಲೆ ಜಗಳ ಆಡಿ” ಎಂದು ಬಡಿಸುತ್ತ ನಿಲ್ಲುತ್ತಿದ್ದಳು. ಮಜ್ಜಿಗೆ ಅನ್ನದ ಹೊತ್ತಿಗೆ ಜಗಳ ಅರ್ಧ ಇಳಿದಿರುತ್ತಿತ್ತು. ಹೋದ ವರ್ಷ ಇಲ್ಲಿ ಪುಣೆಯಲ್ಲಿ ನಾನು ಸಿಟ್ಟಿನಿಂದ ತಟ್ಟೆ ಸರಿಸಿ ಎದ್ದಾಗ, ಅರ್ಧ ಮರಾಠಿ ಬೆರೆಸಿ ಕನ್ನಡ ಆಡುವ ನನ್ನ ಮಗಳು ಇದೇ ಮಾತನ್ನು ಅತ್ತೆಯ ದನಿಯಲ್ಲೇ ಹೇಳಿದಳು. ಕೂತು ಉಂಡೆ.

ಇಷ್ಟು ಬರೆದ ಮೇಲೆ ಕೆಲವನ್ನು ಒಪ್ಪಬೇಕಾಗುತ್ತದೆ. ಬಾರಸೆಯ ಮರುದಿನ ಪಕ್ಕದ ಮನೆಯ ಅಜ್ಜಿಯೊಡನೆ ನಮ್ಮ ಮನೆಯ ಕತೆ ಹೇಳಿಕೊಂಡೆ. ಆಕೆ ಏನೂ ಅಚ್ಚರಿಪಡದೆ, ತಮ್ಮ ಮಗನ ಬಾರಸೆಯಲ್ಲಿ ಗಂಡ ತೀರಿಕೊಂಡಿದ್ದ ನಾದಿನಿಯನ್ನು ತಾವೂ ಕೂರಿಸಲಿಲ್ಲವೆಂದರು. ವಿಧವೆಯರ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ಠರಾವು ಮಾಡಿದ್ದೇ 2022ರಲ್ಲಿ. ಠರಾವು ಬೇಕಾಯಿತೆಂದರೆ ರೂಢಿ ಇಲ್ಲಿಯೂ ಗಟ್ಟಿಯಾಗಿಯೇ ಇತ್ತು. ಐವತ್ತು ಜನ ಕಾದ ಆ ಆತ್ಯಾ ಕೂಡ ಮಧ್ಯಾಹ್ನದ ಊಟ ಮುಗಿಸಿ ನಾಲ್ಕರ ಬಸ್ಸಿಗೆ ಹೊರಟಳು. ಇನ್ನು ನಮ್ಮ ಅಮ್ಮ, ತಡವಾಗಿಯಾದರೂ, ತಮ್ಮನ ಮಗಳ ನಾಮಕರಣದ ದಿನ ಅತ್ತೆಯ ಕೈಹಿಡಿದು ಎಲ್ಲರೆದುರು ತೊಟ್ಟಿಲ ಬಳಿಗೆ ಕರೆದು ತಂದಿದ್ದಳು. ಅತ್ತೆ ಎರಡು ನಿಮಿಷ ನಿಂತು, “ಬಿಡೇ, ಪಾಯಸ ತಳ ಹಿಡೀತದೆ” ಎಂದು ಕೈ ಬಿಡಿಸಿಕೊಂಡು ಒಳಗೆ ಹೋದಳು. ಆ ದಿನದ ಪಾಯಸವನ್ನು ಅಡಿಗೆಯವರು ಆಗಲೇ ಇಳಿಸಿಟ್ಟಿದ್ದರು.

ಮೊನ್ನೆ ಭಾನುವಾರ ಫೋನು ಮಾಡಿದಾಗ ಬಾರಸೆಯನ್ನು ಅವಳಿಗೆ ಸವಿಸ್ತಾರವಾಗಿ ವರ್ಣಿಸಿದೆ: ಬಸ್ಸು ತಡವಾದದ್ದು, ಜನ ಕಾದದ್ದು, ಮಣೆ, ಬೆನ್ನಿನ ಗುದ್ದು. ಏನಾದರೂ ಹೇಳಿಯಾಳೆಂದು ಕಾದೆ. ಎಂಬತ್ತೊಂದರ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಕೂಸಿಗೆ ಎಂತ ಹೆಸರಿಟ್ರೋ?” ಎಂದಳು. ನನಗೆ ನೆನಪಿರಲಿಲ್ಲ. ಫೋನನ್ನು ಹಾಗೆಯೇ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ.