ಹೇಮಂತದಲ್ಲಿ ಹೋಗಿ ಶಿಶಿರ ಹುಡುಕುವವರು

ನವೆಂಬರ್ ಬಂತೆಂದರೆ ಮೊಬೈಲಿನಲ್ಲಿ ಕಾಶ್ಮೀರದ ಚಿನಾರ್ ಕೆಂಪಾಗುತ್ತದೆ, ಕಲಬುರಗಿಯ ವಾಟ್ಸಾಪ್ ಗುಂಪುಗಳಿಗೆ ಜ್ವರ ಬರುತ್ತದೆ. ‘ನಮ್ಮ ಚಿಂಚೋಳಿ ಅಡವಿನೂ ಹಿಂಗೇ ಅದ, ನಡೀರಿ’ ಅನ್ನುವವನು ಪ್ರತಿ ಗುಂಪಿನಲ್ಲೂ ಒಬ್ಬನಿರುತ್ತಾನೆ. ಭಾನುವಾರ ಐದಕ್ಕೆ ಹೊರಡಬೇಕಾದ ಗಾಡಿ ಚಹಾ, ಮಿರ್ಚಿ ಭಜಿ ಎನ್ನುತ್ತ ಎಂಟಕ್ಕೆ ಹೊರಡುತ್ತದೆ. ಚಂದ್ರಂಪಳ್ಳಿ ಡ್ಯಾಮ್ ದಾಟಿ ಗೊಟ್ಟಂಗೊಟ್ಟದ ಕಡೆ ತಲೆ ಎತ್ತಿದರೆ ಗುಡ್ಡ ಇನ್ನೂ ಹಸಿರು! ಅಲ್ಲೊಂದು ಇಲ್ಲೊಂದು ಎಲೆ ಮಾತ್ರ ಕಾಮಾಲೆಯಾದಂತೆ ಹಳದಿ.

ಅಡವಿಯ ತಪ್ಪೇನೂ ಇಲ್ಲ. ಚಿನಾರ್ ಎಲೆ ಬಿಡುವುದು ಚಳಿಗೆ, ನಮ್ಮ ಮರಗಳು ಬಿಡುವುದು ನೀರಡಿಕೆಗೆ. ಮಣ್ಣಿನ ತೇವ ಆರಿದಂತೆ ಎಲೆಯಿಂದ ಆವಿಯಾಗುವ ನೀರು ಮರಕ್ಕೆ ದುಬಾರಿ ಖರ್ಚು. ಅದು ಎಲೆಯೊಳಗಿನ ಸತ್ವವನ್ನು ವಾಪಸ್ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ಹಸಿರು ಅಳಿದಾಗ ಒಳಗೆ ಅಡಗಿದ್ದ ಹಳದಿ ಕಾಣುತ್ತದೆ. ಇದಕ್ಕೆ ಪಂಚಾಂಗ ಇಟ್ಟ ಹೆಸರೇ ಶಿಶಿರ: ಮಾಘ, ಫಾಲ್ಗುಣ. ಫೆಬ್ರವರಿ ಕೊನೆಗೆ ಬಂದರೆ ಬೋಳು ಮುತ್ತುಗದ ತುಂಬ ಕೇಸರಿ ಹೂ. ಆಗ ಕರೆದರೆ ಅದೇ ಮನುಷ್ಯ ‘ಬಿಸಲು ಭಾಳ ಅದ’ ಅಂತಾನೆ.

ಇನ್ನು ಬೀಳುವ ವಿಷಯ. ಹತ್ತುವಾಗ ಬೀಳುವವರು ಕಡಿಮೆ. ಇಳಿಯುವಾಗ ಮುರುಮಿನ ದುಂಡು ಹರಳಿನ ಮೇಲೆ ಒಣ ಎಲೆ ಹಾಸಿರುತ್ತದೆ. ಮೇಲಿನದು ಜಾರುತ್ತದೆ, ಕೆಳಗಿನದು ಉರುಳುತ್ತದೆ. ಬೀಳುವ ಭಯಕ್ಕೆ ಮೈ ಹಿಂದಕ್ಕೆ ವಾಲಿಸಿದಿರೋ ಭಾರವೆಲ್ಲ ಹಿಮ್ಮಡಿಗೆ ಬಂದು, ನೇರ ಕೂತೇ ಬಿಡುತ್ತೀರಿ. ಮೊಣಕಾಲು ಸ್ವಲ್ಪ ಮಡಿಸಿ, ಪಾದ ಅಡ್ಡ ತಿರುಗಿಸಿ, ಗೇಣು ಗೇಣು ಹೆಜ್ಜೆ ಇಡಬೇಕು. ಕೋಲು ಇಳಿಜಾರಿನ ಕಡೆಯ ಕೈಯಲ್ಲಿರಲಿ. ಸವೆದ ಚಪ್ಪಲಿಯವರಿಗೆ ಈ ಉಪದೇಶ ವ್ಯರ್ಥ, ಅವರು ಹೇಗೂ ಕೂತೇ ಇಳಿಯುತ್ತಾರೆ.

ಬುತ್ತಿ ಕಟ್ಟುವಾಗ ಕಡಕ್ ರೊಟ್ಟಿಯನ್ನು ಬ್ಯಾಗಿನ ತಳಕ್ಕೆ ಹಾಕಿ ಮೇಲೆ ಎರಡು ಲೀಟರ್ ಬಾಟಲಿ ಇಟ್ಟವರು ಗುಡ್ಡದ ತುದಿಯಲ್ಲಿ ರೊಟ್ಟಿ ಪುಡಿಯನ್ನು ಶೇಂಗಾ ಚಟ್ನಿ ಜೊತೆ ಮುಕ್ಕುತ್ತಾರೆ. ಗಟ್ಟಿ ಡಬ್ಬಿ ಇಲ್ಲದಿದ್ದರೆ ಮೆತ್ತನ್ನ ರೊಟ್ಟಿಯೇ ವಾಸಿ. ನೀರು ತಲೆಗೆ ಮೂರು ಲೀಟರ್. ‘ಚಳಿಗಾಲ, ಒಂದು ಸಾಕು’ ಅಂದವನು ಮಧ್ಯಾಹ್ನ ಎರಡಕ್ಕೆ ಎಲ್ಲರ ಬಾಟಲಿಯನ್ನೂ ಪ್ರೀತಿಯಿಂದ ನೋಡುತ್ತಾನೆ.

ಫೋಟೊಕ್ಕೆ ಬೆಳಗಿನ ಒಂಬತ್ತರೊಳಗೆ ಎಲೆಯ ಹಿಂದೆ ಸೂರ್ಯ ಇರಬೇಕು. ಭಜಿ ತಿಂದು ಬಂದವರಿಗೆ ನೆತ್ತಿ ಬಿಸಲು, ಬಿಳಿಚಿದ ಎಲೆ. ಸಂಜೆ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಮೂರಕ್ಕೆ ಇಳಿಯಲು ಶುರು ಮಾಡಬೇಕು. ಇದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಯೇ ಹೋಗಬೇಕು.

ಮನೆಗೆ ಬಂದ ಮೇಲೂ ಪ್ಯಾಂಟಿನಿಂದ ಬಿಟ್ಟು ಹೋಗದ್ದು ಉತ್ತರಾಣಿ. ಅದರ ಕಾಯಿ ಕಡ್ಡಿಗುಂಟ ಕೆಳಮುಖ ಮಾಡಿ ಕೂತಿರುತ್ತದೆ. ಚೂಪು ತುದಿ ಬಟ್ಟೆಗೆ ಸಿಕ್ಕಿತೋ ಕಾಯಿಯೇ ಕಿತ್ತು ಬರುತ್ತದೆ. ಒಗೆದರೆ ಹೋಗುವುದಿಲ್ಲ, ಇನ್ನಷ್ಟು ಒಳಗೆ ಹೊಗುತ್ತದೆ. ಒಣಗಿದ್ದಾಗಲೇ ಹಳೆಯ ಬಾಚಣಿಗೆಯಿಂದ ಕೆರೆದು ಒಂದು ಕಾಗದದ ಮೇಲೆ ಉದುರಿಸಿ. ಅಂಗಳದಲ್ಲಿ ಝಾಡಿಸಿದವರ ಮನೆ ಮುಂದೆ ಮುಂದಿನ ಮಳೆಗಾಲಕ್ಕೆ ಮೊಳಕಾಲುದ್ದ ಉತ್ತರಾಣಿ ನಿಲ್ಲುತ್ತದೆ. ಪಕ್ಕದ ಮನೆ ಆಯಿ ಬಂದು ‘ಛಲೋ ಔಷಧಿ ಗಿಡ ಹಚ್ಚೀರಿ ನೋಡ್ರಿ’ ಅಂತಾಳೆ.