ಸೂರ್ಯನಿಗೂ ಒಂದು ಅರ್ಜಿ

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತನ್ನು ಜರ್ಮನಿಯಲ್ಲಿ ಬಾಲ್ಕನಿಗೆ ಸೋಲಾರ್ ಹಾಕಿಸಲು ಹೊರಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲು ಪುಕ್ಕಟೆ. ಫಲಕ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ಆಲೂಗಡ್ಡೆ ತರಲು ಹೋದವರು ತಂದುಬಿಡಬಹುದು. ಬಾಲ್ಕನಿ ಕಂಬಿಗೆ ಕಟ್ಟಿ, ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಫ್ರಿಜ್ಜು ಅದರಲ್ಲೇ ಓಡುತ್ತದೆ. ಇಷ್ಟು ಸುಲಭದ ಕೆಲಸವನ್ನು ಸುಮ್ನೆ ಹಾಗೇ ಬಿಟ್ಟುಬಿಟ್ಟರೆ ದೇಶದ ಮರ್ಯಾದೆ ಏನಾಗಬೇಕು?

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ನಮ್ಮ ಕಟ್ಟಡದ ಕೆಳಮನೆಯಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ. ಯಜಮಾನರು ಅನ್ನೋಣ. ಕರೆಂಟು, ಕಂಪ್ಯೂಟರು, ಕಾನೂನು, ಕಸ, ಎಲ್ಲದರ ಬಗ್ಗೆಯೂ ಅವರಿಗೊಂದು ಅಭಿಪ್ರಾಯ ಇದೆ. ಒಂದೊಂದು ಅಭಿಪ್ರಾಯಕ್ಕೂ ಒಂದೊಂದು ಫೈಲು ಇದೆ. ಎರಡು ಫಲಕ ಹಾಕಿಸುತ್ತೇನೆ ಸರ್ ಅಂದೆ. "ಹಾಕಿಸಿ, ಬಹಳ ಒಳ್ಳೆಯದು. ಭೂಮಿ ಉಳಿಯಬೇಕಲ್ಲ" ಅಂದರು. ಆಮೇಲೆ ಎದ್ದು ಹೋಗಿ ಫೈಲು ತಂದರು.

ಫಲಕಗಳು ಒಟ್ಟು 2,000 ವ್ಯಾಟ್ ಮೀರಬಾರದು. ಫಲಕದ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ 800 ಮೀರಬಾರದು. 2024ರ ಮೇ ತಿಂಗಳವರೆಗೆ ಈ ಮಿತಿ 600 ಇತ್ತು. ಆ 200 ವ್ಯಾಟ್ ಏರಿಸಲು ಸಂಸತ್ತು ಕೂರಬೇಕಾಯಿತು. ಹಾಕಿದ ಒಂದು ತಿಂಗಳೊಳಗೆ ಕೇಂದ್ರದ ನೋಂದಣಿಯಲ್ಲಿ ಹೆಸರು ಬರೆಸಬೇಕು. ಅದು ಎಂಥ ನೋಂದಣಿ ಅಂತೀರಿ? ಸಮುದ್ರದ ಗಾಳಿಯಂತ್ರಗಳು, ಕಲ್ಲಿದ್ದಲ ಸ್ಥಾವರಗಳು ಇರುವ ಪಟ್ಟಿಯಲ್ಲೇ, ಒಗೆದ ಬಟ್ಟೆ ನೇತಾಡುವ ನನ್ನ ಬಾಲ್ಕನಿಯೂ ಇರುತ್ತದೆ. ಊರಿಗೆ ಫೋನ್ ಮಾಡಿದಾಗ "ನಾನೊಂದು ಪವರ್ ಸ್ಟೇಷನ್ ನಡೆಸುತ್ತಿದ್ದೇನೆ" ಅಂತ ಹೇಳಿಕೊಳ್ಳಲು ಕಾನೂನಿನ ಅಡ್ಡಿಯೇನೂ ಇಲ್ಲ.

ಇನ್ನು ಪ್ಲಗ್ಗಿನ ವಿಚಾರ. ಮಾಮೂಲಿ ಪ್ಲಗ್ ಸಾಕೋ, ವಿಶೇಷ ಪ್ಲಗ್ಗೇ ಬೇಕೋ ಅಂತ ಇಲ್ಲಿನ ತಜ್ಞರು ವರ್ಷಗಟ್ಟಲೆ ಚರ್ಚೆ ಮಾಡಿದರು. ಅವರು ಚರ್ಚೆ ಮಾಡುತ್ತಿರುವಾಗಲೇ ಜನ ಲಕ್ಷಗಟ್ಟಲೆ ಮಾಮೂಲಿ ಪ್ಲಗ್ಗು ಚುಚ್ಚಿಕೊಂಡು ಕಾಫಿ ಕುಡಿಯುತ್ತಿದ್ದರು. ಅದೇ ಸಾಕೆಟ್ಟಿಗೆ 2,000 ವ್ಯಾಟ್‌ನ ಹೀಟರ್ ಹಾಕಿ ಕರೆಂಟು ಎಳೆದರೆ ಯಾರೂ ಕೇಳುವುದಿಲ್ಲ. 800 ವ್ಯಾಟ್ ಕೊಡುತ್ತೇನೆ ಅಂದರೆ ಮಾತ್ರ ವಿಚಾರಣೆ. 800 ವ್ಯಾಟ್ ಅಂದರೆ ಒಂದು ಒಳ್ಳೆಯ ಇಸ್ತ್ರಿ ಪೆಟ್ಟಿಗೆಗೂ ಸಾಲದು.

ಬಾಡಿಗೆ ಮನೆಯವರಿಗೂ ನ್ಯಾಯ ಸಿಕ್ಕಿದೆ. 2024ರ ಅಕ್ಟೋಬರ್‌ನಿಂದ ಮನೆ ಮಾಲೀಕರು ಕಾರಣವಿಲ್ಲದೆ ಬೇಡ ಅನ್ನುವಂತಿಲ್ಲ. ಹಾಗಂತ ನಾವು ಕೇಳದೆ ಹಾಕುವಂತೆಯೂ ಇಲ್ಲ. ನಾವು ಕೇಳಬೇಕು, ಅವರು ಬೇಡ ಅನ್ನಬಾರದು, ಆದರೆ ಯೋಚನೆ ಮಾಡಬಹುದು. ನಮ್ಮ ಮಾಲೀಕರು ಯೋಚನೆ ಮಾಡುತ್ತಿದ್ದಾರೆ. ಕಂಬಿ ಭಾರ ತಡೆಯುತ್ತದೆಯೇ ಅಂತ ಒಂದು ಕಾಗದ, ಬಿದ್ದರೆ ವಿಮೆ ಇದೆಯೇ ಅಂತ ಇನ್ನೊಂದು, ಬೀದಿಯಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ ಮೂರನೆಯದು. ಆಮೇಲೆ ಕಟ್ಟಡದ ಮಾಲೀಕರೆಲ್ಲ ಸೇರುವ ಸಭೆ. ಅದು ವರ್ಷಕ್ಕೆ ಒಂದೇ ಸಲ.

ಮೀಟರಿನ ಕತೆ ಇದಕ್ಕಿಂತ ಚೆಂದ. ನೆಲಮಾಳಿಗೆಯಲ್ಲಿ ನಮ್ಮೆಲ್ಲರ ಮೀಟರುಗಳು ಸಾಲಾಗಿವೆ. ಕಪ್ಪು ಡಬ್ಬಿ, ಗಾಜಿನ ಕಿಟಕಿ, ಒಳಗೆ ಕೆಂಪು ಗುರುತಿನ ಅಲ್ಯೂಮಿನಿಯಂ ಚಕ್ರ. ನನ್ನ ಅಜ್ಜನ ಮನೆಯ ಗೋಡೆಯಲ್ಲಿ ಇದ್ದದ್ದೂ ಇಂಥದ್ದೇ. ಸೋಲಾರ್ ಹಾಕಿದರೆ ಈ ಚಕ್ರ ಬಿಸಿಲು ಹೊತ್ತಿನಲ್ಲಿ ಹಿಂದಕ್ಕೆ ತಿರುಗುತ್ತದೆ. ಮೊದಲು ಅದು ತಪ್ಪಾಗಿತ್ತು. 2024ರ ಕಾಯ್ದೆ ಬಂದ ಮೇಲೆ, ಹೊಸ ಮೀಟರ್ ಕೂರಿಸುವವರೆಗೆ ಹಿಂದಕ್ಕೆ ತಿರುಗಿಕೊಳ್ಳಲಿ ಅಂತ ಸರ್ಕಾರವೇ ಸುಮ್ಮನಾಗಿದೆ. ನಮ್ಮೂರಿನಲ್ಲಿ ಮೀಟರ್ ಹಿಂದಕ್ಕೆ ಓಡಿಸಿದರೆ ವಿಜಿಲೆನ್ಸ್ ಜೀಪು ಮನೆ ಮುಂದೆ ನಿಲ್ಲುತ್ತದೆ. ಇಲ್ಲಿ ಕಾನೂನೇ ಬೆನ್ನು ತಟ್ಟುತ್ತದೆ.

ಎಷ್ಟು ಹೊತ್ತಿಗೆ ಎಷ್ಟು ಕರೆಂಟು ಉರಿಯಿತು ಅಂತ ತಾನೇ ಲೆಕ್ಕ ಕಳಿಸುವ ಸ್ಮಾರ್ಟ್ ಮೀಟರ್ ಯಾಕಿಲ್ಲ ಅಂತ ಕೇಳಬೇಡಿ. ಇಟಲಿಯವರು 2001ರಲ್ಲೇ ಹಾಕಲು ಶುರು ಮಾಡಿದರು. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇದೆ. ಜರ್ಮನಿ 2016ರಲ್ಲಿ ಕಾನೂನು ಮಾಡಿತು. 2024 ಮುಗಿಯುವ ಹೊತ್ತಿಗೆ ನೂರಕ್ಕೆ ಮೂರರ ಆಸುಪಾಸು. ನಡುವಿನ ಎಂಟು ವರ್ಷ ಭದ್ರತೆಗೆ ಹೋಯಿತು. ಮೀಟರಿನ ಮಾಹಿತಿ ಕಳಿಸುವ ಪೆಟ್ಟಿಗೆಗೆ ಸೈಬರ್ ಭದ್ರತಾ ಇಲಾಖೆಯ ಪ್ರಮಾಣಪತ್ರ ಬೇಕು. ಕಾರ್ಖಾನೆಯಿಂದ ನೆಲಮಾಳಿಗೆಯವರೆಗೆ ಅದು ಬರುವ ದಾರಿಗೂ ನಿಯಮ ಇದೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೂ ಲೆಕ್ಕ ಇಡಬೇಕು. ತಿರುಪತಿ ಹುಂಡಿ ಸಾಗಿಸಿದ ಹಾಗೆ. ಅಷ್ಟು ಭದ್ರವಾಗಿ ಕಾಪಾಡಬೇಕಾದ ಗುಟ್ಟು ಏನಪ್ಪಾ ಅಂದರೆ, ಯಜಮಾನರು ಎಷ್ಟು ಗಂಟೆಗೆ ಮೊಟ್ಟೆ ಬೇಯಿಸುತ್ತಾರೆ ಅನ್ನುವುದು.

"ಖಾಸಗಿತನ ಅಂದರೆ ತಮಾಷೆಯಲ್ಲ" ಅಂತಾರೆ ಯಜಮಾನರು. ಹೌದು, ಅಲ್ಲ. 2010ರಲ್ಲಿ ಗೂಗಲ್ ಬೀದಿ ಬೀದಿಯ ಫೋಟೋ ಹಾಕಲು ಬಂದಾಗ, ನಮ್ಮ ಮನೆಯನ್ನು ಮಸುಕು ಮಾಡಿ ಅಂತ ಸುಮಾರು 2,44,000 ಜರ್ಮನ್ ಕುಟುಂಬಗಳು ಬರೆದುಕೊಟ್ಟವು. ಯಜಮಾನರದ್ದೂ ಅದರಲ್ಲಿ ಒಂದು. ಆದರೆ ನಮ್ಮ ಕಟ್ಟಡದಲ್ಲಿ ಮನೆಗಳಿಗೆ ನಂಬರ್ ಇಲ್ಲ. ಬೀದಿ ಬಾಗಿಲಿನ ಕರೆಗಂಟೆಯ ಪಕ್ಕ, ಟಪಾಲು ಡಬ್ಬಿಯ ಮೇಲೆ, ಪ್ರತಿಯೊಬ್ಬರ ಹೆಸರೂ ದಪ್ಪ ಅಕ್ಷರದಲ್ಲಿದೆ. ಹೆಸರಿಲ್ಲದಿದ್ದರೆ ಅಂಚೆಯವನು ಕಾಗದ ಹಾಕುವುದಿಲ್ಲ. ಗೋಡೆ ಗುಟ್ಟು, ಒಳಗಿರುವವರು ರಟ್ಟು.

ಅಣುವಿದ್ಯುತ್ತಿನ ವಿಷಯ ತೆಗೆದರೆ ಯಜಮಾನರ ದನಿ ಸ್ವಲ್ಪ ತಗ್ಗುತ್ತದೆ. ಪ್ರಾಯದಲ್ಲಿ ಅವರು ಅದರ ವಿರುದ್ಧ ಮೆರವಣಿಗೆ ಹೋದವರು. ಜಪಾನಿನ ಫುಕುಶಿಮಾ ಅಣುದುರಂತ ಆದ ಮೇಲೆ, 2011ರಲ್ಲಿ, ಸರ್ಕಾರ ಎಲ್ಲವನ್ನೂ ಮುಚ್ಚುವ ಗಡುವು ಬರೆದಾಗ ಖುಷಿಪಟ್ಟವರು. ಕೊನೆಯ ಮೂರು ಸ್ಥಾವರಗಳು 2023ರ ಏಪ್ರಿಲ್ 15ರಂದು ನಿಂತವು. ಅದರಲ್ಲೊಂದು ನೆಕಾರ್‌ವೆಸ್ಟ್‌ಹೈಮ್, ನಮ್ಮೂರಿನಿಂದ ಕೂಗಳತೆಯಲ್ಲಲ್ಲದಿದ್ದರೂ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಸುಮಾರು 1,400 ಮೆಗಾವ್ಯಾಟ್. ಕೂತು ಲೆಕ್ಕ ಹಾಕಿದೆ. ಅಷ್ಟು ಕರೆಂಟಿಗೆ 17.5 ಲಕ್ಷ ಬಾಲ್ಕನಿ ಬೇಕು. ಅದೂ ನಡುಮಧ್ಯಾಹ್ನ, ಮೋಡ ಇಲ್ಲದಿದ್ದರೆ. 2025ರ ನಡುವಿಗೆ ಇಡೀ ದೇಶದಲ್ಲಿ ನೋಂದಣಿಯಾದ ಬಾಲ್ಕನಿಗಳು 10 ಲಕ್ಷ. ನನ್ನದು ಇನ್ನೂ ಸೇರಿಲ್ಲ, ಸಭೆ ಆಗಬೇಕು.

ಅದೇ 2023ರ ಜನವರಿಯಲ್ಲಿ ದೇಶದ ಪಶ್ಚಿಮದ ಲ್ಯುಟ್ಸೆರಾಟ್ ಎಂಬ ಹಳ್ಳಿಯನ್ನು ಕಲ್ಲಿದ್ದಲ ಗಣಿಗಾಗಿ ಕೆಡವಿದರು. ಕೂತು ಪ್ರತಿಭಟಿಸುತ್ತಿದ್ದವರನ್ನು ಪೊಲೀಸರು ಎತ್ತಿಕೊಂಡು ಹೋದರು. ಆಗ ವಿದ್ಯುತ್ ಖಾತೆ ಇದ್ದದ್ದು ಹಸಿರು ಪಕ್ಷದ ಮಂತ್ರಿಯ ಕೈಯಲ್ಲಿ. ಫಿಲಿಪ್ಸ್‌ಬರ್ಗ್‌ನದ್ದು ಇನ್ನೂ ಸೊಗಸು. ಅಲ್ಲಿನ ಅಣುಸ್ಥಾವರದ ಎರಡು ಎತ್ತರದ ಗೋಪುರಗಳನ್ನು 2020ರ ಮೇನಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಯಾಕೆ ಅಷ್ಟು ಅವಸರ? ಉತ್ತರದಿಂದ ಬರುವ ಕರೆಂಟನ್ನು ಇಳಿಸಿಕೊಳ್ಳುವ ಸ್ಟೇಷನ್ ಕಟ್ಟಲು ಜಾಗ ಬೇಕಿತ್ತು. ಕರೆಂಟು ಹುಟ್ಟುತ್ತಿದ್ದ ಜಾಗ ಈಗ ಕರೆಂಟಿಗಾಗಿ ಕಾಯುತ್ತಿದೆ.

ಉತ್ತರದಲ್ಲಿ ಗಾಳಿ ಜಾಸ್ತಿ, ದಕ್ಷಿಣದಲ್ಲಿ ಕಾರ್ಖಾನೆ ಜಾಸ್ತಿ. ನಡುವೆ ತಂತಿ ಎಳೆದರೆ ಮುಗಿಯಿತು. ಸುಮಾರು 700 ಕಿಲೋಮೀಟರ್, 4,000 ಮೆಗಾವ್ಯಾಟ್, ಹೆಸರು ಸ್ಯೂಡ್‌ಲಿಂಕ್. 2022ಕ್ಕೆ ಮುಗಿಯಬೇಕಿತ್ತು. ಅಷ್ಟರಲ್ಲಿ ದಕ್ಷಿಣದ ಬವೇರಿಯಾ ರಾಜ್ಯದವರು ಕಂಬಗಳಿಂದ ನೋಟ ಕೆಡುತ್ತದೆ ಅಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಂಬ ಬೇಡ, ನೆಲದಡಿ ಹೂಳೋಣ ಅಂತ 2015ರಲ್ಲಿ ತೀರ್ಮಾನವಾಯಿತು. ನಕ್ಷೆಯೆಲ್ಲ ಮೊದಲಿಂದ. ಈಗ 2028 ಅಂತಾರೆ. ಅಲ್ಲಿಯವರೆಗೆ ಉತ್ತರದಲ್ಲಿ ಗಾಳಿ ಜೋರಾಗಿ ಬೀಸಿದರೆ ಯಂತ್ರ ನಿಲ್ಲಿಸಿ, ನಿಲ್ಲಿಸಿದ್ದಕ್ಕೆ ಪರಿಹಾರ ಕೊಡುತ್ತಾರೆ. ಅದೇ ಹೊತ್ತಿಗೆ ದಕ್ಷಿಣದಲ್ಲಿ ಬೇರೆ ಸ್ಥಾವರ ಉರಿಸಿ, ಉರಿಸಿದ್ದಕ್ಕೂ ದುಡ್ಡು ಕೊಡುತ್ತಾರೆ. ನನ್ನ ಬಾಲ್ಕನಿ 801 ವ್ಯಾಟ್ ಕೊಟ್ಟರೆ ಮಾತ್ರ ಗ್ರಿಡ್ಡಿಗೆ ಅಪಾಯ. ಹೇಳಲೇಬೇಕು, 2024ರಲ್ಲಿ ಇಲ್ಲಿ ಬಳಸಿದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿ, ಬಿಸಿಲು, ನೀರು ಇಂಥವುಗಳದ್ದೇ. ಕೆಲಸ ಆಗುತ್ತದೆ. ಇಷ್ಟೆಲ್ಲ ಅಡ್ಡಗಾಲಿನ ನಡುವೆ ಹೇಗೆ ಆಗುತ್ತದೆ ಅನ್ನುವುದೇ ನನಗೆ ಬೆರಗು.

ರಷ್ಯಾದ ಗ್ಯಾಸು ನಿಂತ 2022ರಲ್ಲಿ ಸರ್ಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಬಾರದು ಅಂತ ಆಜ್ಞೆಯಾಯಿತು. ನಮ್ಮ ರಾಜ್ಯದ ಆಗಿನ ಮುಖ್ಯಮಂತ್ರಿ ಕ್ರೆಚ್‌ಮನ್, ದಿನಾ ಶವರ್ ಬೇಕಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದೂ ಒಳ್ಳೆಯ ಉಪಾಯ ಅಂದರು. ದಾವಣಗೆರೆಯಲ್ಲಿರುವ ನಮ್ಮಮ್ಮನಿಗೆ ಹೇಳಿದೆ. "ಬೆಂಜ್ ಕಾರು ಮಾಡೋರಿಗೆ ಒಂದು ಬಕೆಟ್ಟು, ಒಂದು ಚೊಂಬು ಮಾಡೋಕೆ ಬರಲ್ವೇನಪ್ಪಾ?" ಅಂದರು.

ಬಾಟಲಿ ಮುಚ್ಚಳದ ಬಗ್ಗೆ ಎರಡೇ ಮಾತು. 2024ರ ಜುಲೈ 3ರಿಂದ ಯುರೋಪಿನಲ್ಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು. ಸಮುದ್ರದ ದಂಡೆಯಲ್ಲಿ ಮುಚ್ಚಳ ಬೀಳಬಾರದು ಅನ್ನುವ ಒಳ್ಳೆಯ ಉದ್ದೇಶ. ಜರ್ಮನಿಯಲ್ಲಿ ಖಾಲಿ ಬಾಟಲಿಗೆ 25 ಸೆಂಟ್ ವಾಪಸ್ ಸಿಗುತ್ತದೆ. ಅದಕ್ಕೇ ಜನ ಅದನ್ನು ಮುಚ್ಚಳ ಸಮೇತ ಮೊದಲಿಂದಲೂ ಅಂಗಡಿಗೆ ತಂದು ಕೊಡುತ್ತಿದ್ದರು. ಇರಲಿ, ಈಗ ಕುಡಿಯುವಾಗ ಮೂಗಿಗೆ ಚುಚ್ಚುತ್ತದೆ. ಸ್ವಲ್ಪ ತಿರುಗಿಸಿದರೆ ಕೆನ್ನೆಗೆ. ಪೂರ್ತಿ ತಿರುಗಿಸಿದರೆ ಗಲ್ಲಕ್ಕೆ ತಾಗಿ ಅಂಗಿಯ ಮೇಲೆ ಎರಡು ಹನಿ. ಇನ್ನು ಫ್ಯಾಕ್ಸ್. ಸಂಸತ್ತಿನವರು ಅದನ್ನು 2024ರ ನಡುವಿಗೆ ಬಿಡಬೇಕು ಅಂತ ತೀರ್ಮಾನಿಸಿದರು. ಸುದ್ದಿ ನಮ್ಮ ಏರಿಯಾದ ದವಾಖಾನೆಗೆ ಇನ್ನೂ ಮುಟ್ಟಿಲ್ಲ, ಬಹುಶಃ ಇಮೇಲ್‌ನಲ್ಲಿ ಕಳಿಸಿರಬೇಕು.

ಭಾನುವಾರಕ್ಕೆ ಬರೋಣ. ಬಿಸಿಲು ಚೆನ್ನಾಗಿರುವ ಭಾನುವಾರ ಮಧ್ಯಾಹ್ನ ಕಾರ್ಖಾನೆ ಬಂದ್, ಸೋಲಾರ್ ಭರ್ತಿ. ಆಗ ವಿದ್ಯುತ್ ಪೇಟೆಯಲ್ಲಿ ಬೆಲೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಕರೆಂಟು ತೆಗೆದುಕೊಂಡು ಹೋಗಿ, ಮೇಲೆ ದುಡ್ಡೂ ಕೊಡುತ್ತೇವೆ ಅನ್ನುವ ಸ್ಥಿತಿ. 2024ರಲ್ಲಿ ಇಂಥ 457 ಗಂಟೆಗಳು ಬಂದವು. ಆ ಬೆಲೆ ನಮಗೆ ಸಿಗಬೇಕಾದರೆ ಗಂಟೆಗಂಟೆಗೆ ಬದಲಾಗುವ ದರ ಬೇಕು. 2025ರಿಂದ ಎಲ್ಲ ಕಂಪನಿಗಳೂ ಅಂಥ ದರ ಕೊಡಲೇಬೇಕು, ಕಾನೂನಿದೆ. ಪಡೆಯಲು ಸ್ಮಾರ್ಟ್ ಮೀಟರ್ ಇರಬೇಕು. ಅದು ನಮ್ಮಲ್ಲಿಲ್ಲ. ಹಾಗಾಗಿ ಬಿಟ್ಟಿಗಿಂತ ಅಗ್ಗವಾದ ಕರೆಂಟಿಗೆ ನಾನು ಯೂನಿಟ್ಟಿಗೆ 40 ಸೆಂಟ್ ಹತ್ತಿರ ಕೊಡುತ್ತೇನೆ.

ಹೋಗಲಿ, ದುಡ್ಡು ಹೋದರೂ ಗ್ರಿಡ್ಡಿಗಾದರೂ ಸಹಾಯವಾಗಲಿ ಅಂತ ಒಂದು ಭಾನುವಾರ ಮಧ್ಯಾಹ್ನ ವಾಷಿಂಗ್ ಮಷೀನ್ ಹಚ್ಚಿದೆ. ಯಜಮಾನರು ಬಾಗಿಲು ತಟ್ಟಿದರು. ಕೈಯಲ್ಲಿ ಕಟ್ಟಡದ ನಿಯಮಾವಳಿ, ನಾಲ್ಕನೇ ಪುಟಕ್ಕೆ ಹಳದಿ ಚೀಟಿ. ಭಾನುವಾರ ಮೌನದ ದಿನ, ಮಷೀನ್ ಹಾಕುವಂತಿಲ್ಲ. ಹೆಚ್ಚಾದ ಕರೆಂಟು ಬಳಸುತ್ತಿದ್ದೇನೆ ಸರ್, ದೇಶಕ್ಕೆ ಒಳ್ಳೆಯದಲ್ವಾ ಅಂದೆ. ಅವರು ನಿಜವಾಗಿಯೂ ಯೋಚನೆ ಮಾಡಿದರು. ಎಂಜಿನಿಯರ್ ಅಲ್ವಾ, ವಾದ ಅವರಿಗೆ ಹಿಡಿಸಿತು.

"ನೀವು ಹೇಳುವುದು ಸರಿ" ಅಂದರು. "ಸಭೆಯಲ್ಲಿ ಇಡೋಣ. ನಿಮ್ಮ ಸೋಲಾರ್ ವಿಷಯ ಮುಗಿದ ಮೇಲೆ, ಸಮಯ ಉಳಿದರೆ."